ಹನ್ನೊಂದು ಸಲ ಮಾಯ್ದ ಗೋಡೆ

ಆರನೆಯ ಸಾಲಿನ ಉಣಿಸಿನ ಡ್ರಮ್ಮು ಅವಧಿಗಿಂತ ನಾಲ್ಕು ದಿನ ಮೊದಲೇ ಬರಿದಾಗಿದೆ ಎಂದು ಉಗ್ರಾಣದ ಇಮಾಮಸಾಬ ನದಾಫ ಬಂದು ಹೇಳಿದಾಗ ಸುಗಲಾ ಉಪ್ಪಾರ ಬೆಳಗಿನ ಪಾಳಿಯ ಚಹಾ ಕುಡಿಯುತ್ತಿದ್ದಳು. ಅದೇನೂ ಚಹಾ ಬಿಟ್ಟು ಏಳುವಂಥ ಸುದ್ದಿಯಾಗಿರಲಿಲ್ಲ.

"ಎಲ್ಲೋ ಪೈಪು ಸೋರಾಕತ್ತಿರಬೇಕು ನೋಡ್ರಿ ಕಾಕಾ."

"ಪೈಪು ನೋಡೀನ್ರಿ ಬಾಯಾರ. ಒಂದು ಹನಿ ಸೋರಿಕಿ ಇಲ್ಲ. ಗೋಡೀನ ಕುಡದೈತಿ."

"ಗೋಡಿ ಕುಡೀಲಿ ಅಂತನ ಇಟ್ಟೀವಲ್ರಿ."

"ಕುಡೀಲಿ, ಬ್ಯಾಡ ಅಂದೋರ್ಯಾರು? ಆದ್ರ ಉಳದ ಹನ್ನೊಂದು ಸಾಲು ತಮ್ಮ ಪಾಲಿಂದು ಕುಡದು ಸುಮ್ಕ ಅದಾವು. ಇದೊಂದಕ್ಕ ಯಾಕ ಇಷ್ಟು ಹಸಿವು?"

ಇಮಾಮಸಾಬ ಉತ್ತರಕ್ಕೆ ಕಾಯಲಿಲ್ಲ. ಹೊಸ ಡ್ರಮ್ಮು ಇಳಿಸುವುದಿತ್ತು, ಹೋದ. ಸುಗಲಾ ಚಹಾ ಮುಗಿಸಿ ಪರದೆಯ ಮುಂದೆ ಕುಳಿತಳು. ತೊಂಬತ್ತಾರು ಹಸಿರು ಚೌಕಗಳು. ಗೋಡೆಯ ತೊಂಬತ್ತಾರು ಬ್ಲಾಕುಗಳೂ ಆರೋಗ್ಯವಾಗಿದ್ದವು.

ಕೆಂಪಗಟ್ಟಿ ಊರಿನ ನೆತ್ತಿಯ ಮೇಲೆ, ಗುಡ್ಡದ ಸಂದಿಗೆ ಅಡ್ಡಲಾಗಿ ನಿಂತದ್ದು ಆ ಗೋಡೆ. ಹೊಳೆಯಿಂದ ಪಂಪಿನಲ್ಲಿ ಎತ್ತಿ ತಂದ ನೀರು ಅದರ ಹಿಂದೆ ನಿಲ್ಲುತ್ತಿತ್ತು. ಅಲ್ಲಿಂದ ಅರವತ್ತು ಸಾವಿರ ಜನರ ನಲ್ಲಿಗಳಿಗೆ ಇಳಿಯುತ್ತಿತ್ತು. ಗೋಡೆ ಕಟ್ಟಿದ್ದು ಜೀವಗಾರೆಯಲ್ಲಿ. ಆ ಗಾರೆಯಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಸೂಕ್ಷ್ಮಜೀವಿಗಳು ಬೀಜದ ಹಾಗೆ ನಿದ್ದೆ ಮಾಡಿಕೊಂಡಿರುತ್ತವೆ. ಗೋಡೆ ಎಲ್ಲಾದರೂ ಬಿರಿದರೆ ಆ ಬಿರುಕಿನಿಂದ ನೀರು, ಗಾಳಿ ಒಳಗೆ ಇಳಿಯುತ್ತದೆ. ಜೀವಿಗಳು ಎಚ್ಚರಗೊಳ್ಳುತ್ತವೆ, ಸಣ್ಣ ಕೊಳವೆಗಳಲ್ಲಿ ಹರಿದುಬರುವ ಉಣಿಸನ್ನು ತಿಂದು ಸುಣ್ಣದ ಕಲ್ಲನ್ನು ಹೊರಹಾಕುತ್ತವೆ. ಅರ್ಧ ಮಿಲಿಮೀಟರ್ ಬಿರುಕು ಒಂಬತ್ತು ದಿನದಲ್ಲಿ ಮುಚ್ಚಿಹೋಗುತ್ತದೆ. ಬಿರುಕು ಮುಚ್ಚಿದ ಮೇಲೆ ಗಾಳಿ ಸಿಗದೆ ಅವು ಮತ್ತೆ ನಿದ್ದೆಗೆ ಜಾರುತ್ತವೆ. ಗೋಡೆಯೊಳಗೆ ಹಾಸಿದ ತಂತಿಗಳು ಇದನ್ನೆಲ್ಲ ತಿಳಿದು ನಿಗಾ ಕೋಣೆಯ ಪರದೆಗೆ ಕಳಿಸುತ್ತವೆ. ಬಿರಿದರೆ ಚೌಕ ಹಳದಿ, ಮಾಯ್ದರೆ ಹಸಿರು. ಹಸಿರಾದಾಗ ಪಾಳಿಯಲ್ಲಿದ್ದವರು "ಮಾಯ್ದಿದೆ" ಎಂದು ಬರೆದು ಸಹಿ ಮಾಡಬೇಕು. ಅಷ್ಟೇ ಕೆಲಸ.

ಜೀವಗಾರೆ ಬಂದು ಇಪ್ಪತ್ತು ವರ್ಷವಾಗಿತ್ತು. ಈಗ ಮನೆಗಳಿಗೂ ಅದೇ. ಹಬ್ಬದ ಮುಂಚೆ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವ ಪದ್ಧತಿ ಊರಲ್ಲಿ ಮರೆತೇಹೋಗಿತ್ತು. ಕೆಲವರು ಅಂಗಡಿಯ ಉಣಿಸಿನ ಜೊತೆಗೆ ಬೆಲ್ಲದ ನೀರನ್ನೂ ಗೋಡೆಗೆ ಚಿಮುಕಿಸುತ್ತಿದ್ದರು, ಮನೆ ಗಟ್ಟಿಯಾಗುತ್ತದೆ ಎಂದು. ಗಟ್ಟಿಯಾಗುತ್ತಿರಲಿಲ್ಲ, ಇರುವೆ ಬರುತ್ತಿದ್ದವು. ಸುಗಲಾಳ ಅಪ್ಪ ಗೌಂಡಿ ಕೆಲಸದವನು. ಜೀವಗಾರೆ ಬಂದ ಮೇಲೆ ಕರಣೆ ಕೆಳಗಿಟ್ಟು ಮನೆಮನೆಗೆ ಉಣಿಸು ಹಾಕುವ ಕೆಲಸಕ್ಕೆ ಸೇರಿದ್ದ. ಮಗಳು ಡಿಪ್ಲೊಮಾ ಓದಿ ನಿಗಾ ಕೋಣೆ ಸೇರಿದಳು. ಈಗ ಅವಳಿಗೆ ನಲವತ್ನಾಲ್ಕು.

ಆ ದಿನ ಅವಳಿಗೆ ಬೇರೆ ಕೆಲಸವಿರಲಿಲ್ಲ. ಅದಕ್ಕೇ ಆರನೆಯ ಸಾಲಿನ ಎಂಟು ಬ್ಲಾಕುಗಳ ಹಳೆಯ ದಾಖಲೆ ತೆಗೆದಳು. ಏಳು ಬ್ಲಾಕು ವರ್ಷಕ್ಕೆ ಒಂದೋ ಎರಡೋ ಸಲ ಬಿರಿದು ಮಾಯ್ದಿದ್ದವು. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಆಗುವಂಥದ್ದು. ನಲವತ್ತೇಳನೆಯ ಬ್ಲಾಕು ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಬಿರಿದು ಹನ್ನೊಂದು ಸಲವೂ ಮಾಯ್ದಿತ್ತು. ಹನ್ನೊಂದು ಸಲವೂ ಅದೇ ಜಾಗ, ಬುಡದಿಂದ ಎರಡು ಮೀಟರ್ ಮೇಲೆ.

ಅವಳು ರದ್ದಿ ಕಾಗದದ ಬೆನ್ನ ಮೇಲೆ ನಡುವಿನ ದಿನಗಳನ್ನು ಬರೆದಳು. ಮೊದಲ ಬಿರುಕಿಗೂ ಎರಡನೆಯದಕ್ಕೂ ನಡುವೆ ಅರವತ್ನಾಲ್ಕು ದಿನ. ಆಮೇಲೆ ಅರವತ್ತು. ಐವತ್ತೈದು. ಐವತ್ತೆರಡು. ಹೀಗೆ ಇಳಿಯುತ್ತ ಬಂದು ಕಡೆಯದು ಇಪ್ಪತ್ತೊಂದಕ್ಕೆ ನಿಂತಿತ್ತು.

ಯಂತ್ರ ಇದನ್ನು ಯಾಕೆ ಹೇಳಲಿಲ್ಲ ಎಂದು ಅವಳು ಯೋಚಿಸಿದಳು. ಯಂತ್ರದ ತಪ್ಪಿರಲಿಲ್ಲ. ಈಗ ಬಿರುಕು ಇದೆಯೇ ಇಲ್ಲವೇ ಎಂಬುದನ್ನಷ್ಟೇ ಅದಕ್ಕೆ ಕೇಳಲಾಗಿತ್ತು. ಎಷ್ಟು ಸಲ ಮಾಯ್ದಿದೆ ಎಂದು ಯಾರೂ ಕೇಳಿರಲಿಲ್ಲ. ಬೇಗ ಮಾಯುವ ಬ್ಲಾಕಿಗೆ ಅದು ಹೆಚ್ಚು ಅಂಕವನ್ನೇ ಕೊಡುತ್ತಿತ್ತು. ಆ ಲೆಕ್ಕದಲ್ಲಿ ಇಡೀ ಗೋಡೆಗೆ ನಲವತ್ತೇಳೇ ಜಾಣ ಬ್ಲಾಕು. ಆಮೇಲೆ ಸಹಿಗಳ ಕಾಲಮ್ಮು ನೋಡಿದಳು. ಹನ್ನೊಂದರಲ್ಲಿ ಏಳು ಸಹಿ ಅವಳದೇ.

ಮಧ್ಯಾಹ್ನ ಅವಳು ಟೋಪಿ ಹಾಕಿಕೊಂಡು ಗೋಡೆಯ ಬುಡಕ್ಕೆ ಇಳಿದಳು. ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಬರುವ ಅಗತ್ಯವೇ ಬಿದ್ದಿರಲಿಲ್ಲ. ನಲವತ್ತೇಳನೆಯ ಬ್ಲಾಕಿನ ಮೇಲೆ ಬಿರುಕೇನೂ ಕಾಣಲಿಲ್ಲ. ಬಿರುಕಿದ್ದ ಜಾಗದಲ್ಲಿ ಬಿಳಿಯ ಗೀರೊಂದು ಉಬ್ಬಿ ನಿಂತಿತ್ತು, ಕಿರುಬೆರಳ ದಪ್ಪ. ಮಾಯ್ದದ್ದರ ಮೇಲೆ ಮತ್ತೆ ಮಾಯ್ದು, ಪದರದ ಮೇಲೆ ಪದರ. ಅದರ ಮೇಲೆ ಬೆರಳಾಡಿಸಿದಳು. ಬಿಸಿಲಿಗೆ ಕಾದ ಸುಣ್ಣದ ಕಲ್ಲು, ಬೇರೇನಿಲ್ಲ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಒಂದೇ ಗಾಯ ಹನ್ನೊಂದು ಸಲ ಮಾಯ್ದಿದೆ ಎಂದರೆ ಅದು ಒಮ್ಮೆಯೂ ಮಾಯ್ದಿಲ್ಲವೆಂದೇ ಅರ್ಥ.

*

ಕಾರ್ಯನಿರ್ವಾಹಕ ಎಂಜಿನಿಯರ್ ಪ್ರಸನ್ನ ಹೊಸಕೋಟಿ ಕೆಟ್ಟವನಲ್ಲ. ರದ್ದಿ ಕಾಗದವನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿದ.

"ಸುಗಲಾಬಾಯಿ, ಏಪ್ರಿಲ್ ಮುಗೀಲಿಕ್ಕೆ ಬಂತು. ಬುಡ ಅಗದು ನೋಡಬೇಕಂದ್ರ ನೀರಿನ ಮಟ್ಟ ಆರು ಮೀಟರ್ ಇಳಸಬೇಕು. ಅಷ್ಟು ಇಳಿಸಿದ್ರ ಊರಿಗೆ ಹೋಗೋ ತೂಬೇ ನೀರಿನ ಮ್ಯಾಲೆ ಬರ್ತೈತಿ. ಕಡಿಮಿ ಅಂದ್ರೂ ಒಂಬತ್ತು ದಿನ ನಲ್ಲಿ ಬಂದ್. ಮೇ ತಿಂಗಳು, ಮದುವಿ ದಿನ. ಜನ ನನ್ನ ಉಳಸ್ತಾರೇನ್ರಿ?"

"ಗೊತ್ತೈತ್ರಿ ಸರ್."

"ಬಿರುಕು ಎಷ್ಟು? ಅರ್ಧ ಮಿಲಿಮೀಟರ್. ಅದೂ ಈಗಿಲ್ಲ, ಮುಚ್ಚಿಹೋಗೇತಿ. ಉಗುರಿಲೆ ಹೋಗೂದಕ್ಕ ಯಾರರ ಕೊಡ್ಲಿ ತಗೋತಾರೇನು?"

"ಉಗುರಿಲೆ ಹೋಗೂ ದಿನ ಇದ ಐತ್ರಿ ಸರ್. ಮುಂದ ಕೊಡ್ಲೀನ ಬೇಕಾಗ್ತೈತಿ."

ಹೊಸಕೋಟಿ ನಕ್ಕ. ಆದರೆ ಒಪ್ಪಲಿಲ್ಲ. "ಮಳಿ ಶುರು ಆಗ್ಲಿ. ಜುಲೈದಾಗ ನೋಡೋಣ."

"ಜುಲೈದಾಗ ಕೆರಿ ತುಂಬಿರ್ತೈತ್ರಿ. ಆವಾಗ ಇಳಸಾಕ ಆಗೂದಿಲ್ಲ." ಸುಗಲಾ ಕಾಗದದ ಕಡೆಯ ಅಂಕಿಯ ಮೇಲೆ ಬೆರಳಿಟ್ಟು, "ಸರ್, ನನ್ನ ಲೆಕ್ಕ ಖರೇ ಇದ್ರ ಆ ಬ್ಲಾಕು ಮುಂದಿನ ಗುರುವಾರ ಮತ್ತ ಬಿರೀತೈತಿ. ಬಿರೀಲಿಲ್ಲ ಅಂದ್ರ ನಾ ಸುಮ್ಮನಾಗ್ತೀನಿ. ಬಿರದ್ರ ಅದೊಂದು ಬ್ಲಾಕಿಗೆ ಉಣಿಸು ಬಂದ್ ಮಾಡಾಕ ಹುಕುಂ ಕೊಡ್ರಿ. ಹತ್ತು ದಿನ ಅದು ಮಾಯೂದು ಬ್ಯಾಡ. ಹಂಗ ಬಿಟ್ಟು ನೋಡೋಣ" ಎಂದಳು.

"ಗೋಡೀನ ಉಪವಾಸ ಕೆಡವಿ?"

"ಹೌದ್ರಿ. ಅದಕ್ಕ ಏನಾಗೇತಿ ಅನ್ನೂದು ನಮಗ ಕಾಣೂದು ಅದು ಉಪವಾಸ ಇದ್ದಾಗನ."

ಹೊಸಕೋಟಿ ಪೆನ್ನು ತಿರುವಿದ. ನೀರು ನಿಲ್ಲಿಸುವುದಕ್ಕಿಂತ ಇದು ಸಣ್ಣ ಮಾತು ಅನ್ನಿಸಿರಬೇಕು. ಆಗಲಿ ಎಂದ. ಎದ್ದು ಹೊರಡುವಾಗ ಸುಗಲಾ, "ಇನ್ನೊಂದು ಹೇಳೂದೈತ್ರಿ. ಹನ್ನೊಂದರಾಗ ಏಳು ಸಹಿ ನಂದ. ಏಳು ಸಲ ನೋಡೀನಿ, ಏಳು ಸಲ ಬಿಟ್ಟೀನಿ" ಎಂದಳು. ಆ ಹನ್ನೊಂದೂ ಸಲ ಮೇಲಕ್ಕೆ ಹೋದ ತಿಂಗಳ ವರದಿಗಳಿಗೆ ಹೊಸಕೋಟಿಯ ಸಹಿಯೂ ಇತ್ತು.

ಬ್ಲಾಕು ಬಿರಿದದ್ದು ಗುರುವಾರ ಅಲ್ಲ, ಬುಧವಾರ. ಒಂದು ದಿನ ಮೊದಲೇ.

*

ಕವಾಟ ಮುಚ್ಚಲು ಸುಗಲಾ ತಾನೇ ಹೋದಳು. ತಿರುಗಿಸುವಾಗ ಕೈ ಹಿಂದೆಗೆಯಿತು. ಇಪ್ಪತ್ತು ವರ್ಷದಲ್ಲಿ ಯಾರೂ ಬೇಕೆಂದು ಒಂದು ಬಿರುಕನ್ನು ತೆರೆದುಬಿಟ್ಟಿರಲಿಲ್ಲ. ಪಕ್ಕದಲ್ಲಿ ನಿಂತ ಇಮಾಮಸಾಬ, "ನನ್ನ ಹುಳಗೋಳು ಉಪವಾಸ ಬಿದ್ವು" ಎಂದ. ಅವನು ಸೂಕ್ಷ್ಮಜೀವಿಗಳಿಗೆ ಹುಳ ಎನ್ನುತ್ತಿದ್ದ.

ಮೊದಲ ದಿನ ಬಿರುಕು ಸೊನ್ನೆ ಪಾಯಿಂಟ್ ನಾಲ್ಕು. ಎರಡನೆಯ ದಿನವೂ ನಾಲ್ಕು. ಐದನೆಯ ದಿನದವರೆಗೂ ನಾಲ್ಕೇ. ಹೊಸಕೋಟಿ ಫೋನು ಮಾಡಿ, "ಏನಂತೈತ್ರಿ ನಿಮ್ಮ ಗೋಡಿ?" ಎಂದು ಕೇಳಿದ, ದನಿ ತುಸು ಹಗುರಾಗಿತ್ತು. ಸುಗಲಾಳಿಗೂ ತನ್ನ ಲೆಕ್ಕ ತಪ್ಪಿತೇನೋ ಅನ್ನಿಸಿತು. ತಪ್ಪಿದ್ದರೆ ಒಳ್ಳೆಯದೇ ಎಂದೂ ಅನ್ನಿಸಿತು. ಆರನೆಯ ದಿನ ಸೊನ್ನೆ ಪಾಯಿಂಟ್ ಆರು. ಏಳನೆಯ ದಿನ ಒಂಬತ್ತು, ಮತ್ತು ಗೋಡೆಯ ಹೊರಮೈಯಲ್ಲಿ ಬೆರಳಗಲದ ಒದ್ದೆ ಗೆರೆ.

ನೀರು ಜಿನುಗುವುದು ಅವಳನ್ನು ಹೆದರಿಸಲಿಲ್ಲ. ಎಂಥ ಗೋಡೆಯೂ ಅಷ್ಟಿಷ್ಟು ಜಿನುಗುತ್ತದೆ. ನೋಡಬೇಕಾದದ್ದು ನೀರಿನ ಬಣ್ಣ. ತಿಳಿಯಾಗಿದ್ದರೆ ಅದು ಗೋಡೆಯೊಳಗಿಂದಲೇ ಬಂದ ನೀರು. ಕಲಕಿದ್ದರೆ ಒತ್ತಡಕ್ಕೆ ಬುಡದಿಂದ ಮೇಲೇರುತ್ತ ಮಣ್ಣು ಕೊಚ್ಚಿ ತರುತ್ತಿದೆ ಎಂದರ್ಥ. ಹನಿಹನಿಯಾಗಿ ಒಂದು ಬಾಟಲಿ ತುಂಬಲು ಎರಡು ತಾಸು ಹಿಡಿಯಿತು. ಎತ್ತಿ ನೋಡಿದರೆ ತಿಳಿಯೋ ಕಲಕೋ ಹೇಳಲಾಗದಂತಿತ್ತು. ಪ್ರಯೋಗಾಲಯ ಮುಚ್ಚುವ ಹೊತ್ತಾಗಿತ್ತು. ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

ಮನೆ ಇದ್ದದ್ದು ಗೋಡೆಯ ಕೆಳಗಿನ ಮೂರನೆಯ ಓಣಿಯಲ್ಲಿ. ಗಂಡ ದಾನಪ್ಪನ ಬಣ್ಣದ ಕೆಲಸ ಹಿತ್ತಿಲಲ್ಲಿ. ಸೀರೆ ನೇಯುವವರು ಕೊಟ್ಟ ನೂಲಿಗೆ ಬಣ್ಣ ಹಾಕಿ ಕೊಡುವುದು ಅವನ ತಂದೆಯ ಕಾಲದಿಂದ ಬಂದ ಕಸುಬು. ಸಂಜೆಯ ಬಿಸಿಲು ಇನ್ನೂ ಇತ್ತು. ಅವನು ದೊಡ್ಡ ಬಾನಿಯನ್ನು ತೊಳೆದು ಬೋರಲು ಹಾಕುತ್ತಿದ್ದ.

"ರೀ, ಇದನ್ನೊಂದೀಟು ನೋಡ್ರಿ."

ದಾನಪ್ಪ ಕೈ ಒರೆಸಿಕೊಂಡು ಬಾಟಲಿ ತೆಗೆದುಕೊಂಡ. ಅಲುಗಾಡಿಸದೆ ಕಟ್ಟೆಯ ಮೇಲಿಟ್ಟ. "ತಡಿ, ನಿಲ್ಲಲಿ" ಎಂದ. ಹದಿನೈದು ನಿಮಿಷ ಬಾನಿ ಉಜ್ಜಿ, ತಿರುಗಿ ಬಂದು ಬಾಟಲಿಯನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದ. ತಳದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಪದರ ಕೂತಿತ್ತು.

"ಇದು ಬಣ್ಣ ಅಲ್ಲ. ಬಣ್ಣ ಆಗಿದ್ರ ತಳಕ್ಕ ಕೂಡತಿದ್ದಿಲ್ಲ, ನೀರಾಗ ಬೆರೀತಿತ್ತು. ಇದು ಮಣ್ಣು. ಅದೂ ಮ್ಯಾಲಿನ ಮಣ್ಣಲ್ಲ, ಬಾಂವಿ ತೋಡುವಾಗ ಆಳದಾಗ ಸಿಗತೈತಲ್ಲ, ಆ ಕೆಮ್ಮಣ್ಣು. ಎಲ್ಲಿಂದು?"

"ಗೋಡಿಂದು."

ದಾನಪ್ಪ ಬಾಟಲಿ ಕೆಳಗಿಟ್ಟ. ಸುಗಲಾ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು, ಒಂಬತ್ತು ದಿನ ನಲ್ಲಿ ನಿಲ್ಲುವುದೂ ಸೇರಿ. ಹಿತ್ತಿಲ ತಂತಿಯ ಮೇಲೆ, ಬಣ್ಣ ಕಚ್ಚಲೆಂದು ಪಟಕದ ನೀರಿನಲ್ಲಿ ನೆನೆಸಿ ಎತ್ತಿದ ನೂಲಿನ ಲಡಿಗಳು ಸಾಲಾಗಿ ತೂಗುತ್ತಿದ್ದವು. ಇಪ್ಪತ್ತು ಸೀರೆಯ ಒಡಲಿನ ನೂಲು, ದಾಳಿಂಬೆ ಬಣ್ಣಕ್ಕೆ ಸಿದ್ಧವಾದದ್ದು.

"ನಾಳೆ ಇವನ್ನ ಬಾನಿಗೆ ಇಳಸೂದೈತಿ," ಎಂದ ಅವನು ಕಡೆಗೆ. "ಐದು ನೀರಾಗ ಜಾಲಿಸಬೇಕು. ಹಸಿ ಇದ್ದಾಗನ ಸಡ್ಲ ಬಣ್ಣ ಪೂರಾ ಹೋಗಲಿಲ್ಲ ಅಂದ್ರ ಮುಂದ ಏನ್ ಮಾಡಿದ್ರೂ ಹೋಗೂದಿಲ್ಲ."

"ತಡೀಯಾಕ ಆಗೂದಿಲ್ಲೇನ್ರಿ?"

"ಪಟಕ ಕುಡದ ನೂಲು ಒಂಬತ್ತು ದಿನ ತಡೀತೈತೇನು?"

ಪಕ್ಕದ ಮನೆಯಲ್ಲಿ ಯಾರೋ ನಲ್ಲಿಗೆ ಕೊಡ ಹಚ್ಚಿದ ಸದ್ದು ಕೇಳಿತು.

"ನೀ ಹೇಳಲಿಲ್ಲ ಅಂದ್ರ?" ಎಂದು ದಾನಪ್ಪ ಮೆಲ್ಲಗೆ ಕೇಳಿದ. "ಬಾಟಲಿ ನೋಡಿದಾಕಿ ನೀ ಒಬ್ಬಾಕಿ."

"ಏಳು ಸಲ ಹೇಳಲಾರದ ಕುಂತೀನಿ."

ದಾನಪ್ಪ ಎದ್ದು ಹೋಗಿ ಬೋರಲು ಹಾಕಿದ ಬಾನಿಯನ್ನು ಮತ್ತೆ ನೆಟ್ಟಗೆ ಮಾಡಿ ನೀರು ತುಂಬಿಸತೊಡಗಿದ. ಆ ರಾತ್ರಿ ಊಟಕ್ಕೆ ಕೂತಾಗಲೂ ಅವನು ಮಾತಾಡಲಿಲ್ಲ.

*

ಬೆಳಿಗ್ಗೆ ಹೊಸಕೋಟಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ತಳದ ಕೆಂಪು ಪದರ ಈಗ ಇನ್ನೂ ಸ್ಪಷ್ಟವಾಗಿತ್ತು. ಬಾಟಲಿಯನ್ನು ಮೇಜಿನ ಮೇಲಿಟ್ಟು ಬೇರೇನೂ ಕೇಳದೆ ಫೋನು ಎತ್ತಿಕೊಂಡ. ಮೂರು ಕಡೆ ಮಾತಾಡಿ, ಮೂರು ಕಡೆಯೂ ಬೈಸಿಕೊಂಡ. ಆಮೇಲೆ ಆದೇಶ ಬರೆದು ತಾನೇ ಸಹಿ ಮಾಡಿದ.

"ತಪ್ಪಾದ್ರ ಇಬ್ರೂ ಕೂಡೇ ಬೈಸಿಕೊಳ್ಳೋಣ," ಎಂದ.

ತಳದ ತೂಬು ತೆರೆದು ನೀರನ್ನು ಹಳ್ಳಕ್ಕೆ ಬಿಟ್ಟರು. ಎರಡನೆಯ ದಿನಕ್ಕೆ ಊರ ನಲ್ಲಿಗಳು ಗೊರಗೊರ ಎಂದು ನಿಂತುಹೋದವು. ಟ್ಯಾಂಕರ್ ಓಣಿಗೆ ಒಂದು ಬಂತು, ಕೊಡಗಳು ನೂರು ಬಂದವು. ಪರದೆಯ ಚೌಕಗಳು ಒಂದನ್ನು ಬಿಟ್ಟು ಎಲ್ಲ ಹಸಿರಾಗಿರುವಾಗ ನೀರು ಯಾಕೆ ನಿಂತಿತು ಎಂದು ಜನರಿಗೆ ತಿಳಿಯಲಿಲ್ಲ. ಗೋಡೆಯ ಆರೋಗ್ಯವನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದಿತ್ತು. ತೊಂಬತ್ತೈದು ಹಸಿರು, ಒಂದು ಹಳದಿ. ಒಂದು ಹಳದಿಗೆ ಇಷ್ಟೆಲ್ಲವೇ?

ಎದುರು ಮನೆಯ ಕಸ್ತೂರೆವ್ವನ ಮಗಳ ಮದುವೆ ಆ ವಾರವೇ ಇತ್ತು. ಅವಳು ಟ್ಯಾಂಕರ್ ಸಾಲಿನಲ್ಲಿ ಸುಗಲಾಳನ್ನು ಹಿಡಿದು ನಿಲ್ಲಿಸಿದಳು.

"ನಿನ್ನ ಗೋಡಿ ಒಡದು ನೀರು ಬಂದಿದ್ರರ ಛಲೋ ಆಗ್ತಿತ್ತವ್ವ. ತೇಲಿ ಹೋಗೂದರೊಳಗ ಒಂದು ಕೊಡ ತುಂಬಿಕೋತಿದ್ವಿ."

ಸಾಲಿನವರೆಲ್ಲ ನಕ್ಕರು. ಸುಗಲಾಳಿಗೂ ನಗು ಬರಬೇಕಿತ್ತು, ಬರಲಿಲ್ಲ. ತನ್ನ ಪಾಲಿನ ಎರಡು ಕೊಡವನ್ನು ಕಸ್ತೂರೆವ್ವನ ಅಂಗಳದಲ್ಲಿ ಇಳಿಸಿ ಬಂದಳು. ಕಸ್ತೂರೆವ್ವ ಬೇಡ ಎನ್ನಲೂ ಇಲ್ಲ, ಒಳ್ಳೆಯ ಮಾತಾಡಲೂ ಇಲ್ಲ.

ದಾನಪ್ಪ ನೂಲನ್ನು ಬಾನಿಗೆ ಇಳಿಸಿಯೇ ಇದ್ದ. ನಲ್ಲಿ ನಿಲ್ಲುವ ಮುಂಚೆ ತುಂಬಿಟ್ಟ ನೀರು ಎರಡೇ ಜಾಲಿಕೆಗೆ ಸಾಕಾಯಿತು. ಒಣಗಿದ ಮೇಲೆ ನೋಡಿದರೆ ದಾಳಿಂಬೆ ಬಣ್ಣದ ಮೇಲೆ ಮಚ್ಚೆ ಮಚ್ಚೆ. ಅವನು ಒಂದೊಂದೇ ಲಡಿಯನ್ನು ಬಿಡಿಸಿ ನೋಡಿ ಮಡಚಿಟ್ಟ. ಸುಗಲಾ ಬಾಗಿಲಲ್ಲಿ ನಿಂತಿದ್ದಳು.

"ಸೀರಿಗೆ ಬರೂದಿಲ್ಲ," ಎಂದ. ಅವಳ ಕಡೆಗೆ ನೋಡದೆ, ಯಾರಿಗೋ ಹೇಳಿದಂತೆ.

ಗೋಡೆಯ ಬುಡದಲ್ಲಿ ಅಗೆತ ನಡೆದಿತ್ತು. ಎರಡು ಮೀಟರ್ ಅಗೆದರು, ಮೂರು ಮೀಟರ್ ಅಗೆದರು. ಗಟ್ಟಿ ಮಣ್ಣು. ನಾಲ್ಕನೆಯ ದಿನ ಊರ ಜನ ಗುಡ್ಡ ಹತ್ತಿ ಬಂದು ದಂಡೆಯ ಮೇಲೆ ಸಾಲಾಗಿ ನಿಂತು ನೋಡಿದರು. ಒಬ್ಬ, "ನಿಧಿ ಸಿಕ್ರ ನಮಗೂ ಪಾಲು ಕೊಡ್ರಿ" ಎಂದು ಕೂಗಿದ. ಹೊಸಕೋಟಿ ಬಂದು ಗುಂಡಿಯ ಅಂಚಿನಲ್ಲಿ ನಿಂತ, ಹೋದ, ಮತ್ತೆ ಬಂದ. ಅವನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ನಾಳೆ ಸಂಜಿತನಕ," ಎಂದ ಸುಗಲಾಳಿಗೆ. "ಅದರ ಮ್ಯಾಲ ನನ್ನ ಕೈಲಿ ಆಗೂದಿಲ್ಲ."

ಐದನೆಯ ದಿನ ಮಧ್ಯಾಹ್ನ ಮೂರಕ್ಕೆ ಒಬ್ಬ ಆಳು ಹಾರೆ ಹಾಕಿದ. ಹಾರೆ ಕೈಯಿಂದ ಜಾರಿ ಒಳಗೆ ಹೋಯಿತು. ಕಲ್ಲಿಗೆ ತಾಗಿದ ಸದ್ದು ಬರಲಿಲ್ಲ, ಮಣ್ಣಿಗೆ ಕಚ್ಚಿದ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದು ಬಂತು. ಎಲ್ಲರೂ ಹಿಂದೆ ಸರಿದರು.

ಬಾಯಿ ಅಗಲ ಮಾಡಿ ದೀಪ ಇಳಿಬಿಟ್ಟು ನೋಡಿದರೆ ಗೋಡೆಯ ಪಾದದಡಿ ಒಂದು ಪೊಳ್ಳು. ಒಂದು ಎಮ್ಮೆ ಮಲಗುವಷ್ಟು ಜಾಗ. ಅದರ ಒಂದು ಬದಿಯಲ್ಲಿ ಎರಡು ಬೆರಳ ಅಗಲದ ದುಂಡನೆಯ ತೂತು. ಅದರಿಂದ ನೀರು ಸಣ್ಣ ದಾರದಂತೆ ಇಳಿದು ಬರುತ್ತಿತ್ತು, ಬರುತ್ತ ಬರುತ್ತ ಕೆಮ್ಮಣ್ಣನ್ನು ನೆಕ್ಕಿಕೊಂಡು. ಸುಗಲಾ ಗೋಡೆ ಕಟ್ಟಿದ ಕಾಲದ ನಕ್ಷೆ ತರಿಸಿದಳು. ಕಟ್ಟುವ ಮುಂಚೆ ಮಣ್ಣಿನ ಪರೀಕ್ಷೆಗೆಂದು ಅಲ್ಲೊಂದು ತೂತು ಕೊರೆದಿದ್ದರು. ಪರೀಕ್ಷೆ ಮುಗಿದ ಮೇಲೆ ಸಿಮೆಂಟು ಸುರಿದು ಮುಚ್ಚಬೇಕಿತ್ತು. ಒಂದು ಬಕೆಟ್ಟು ಸಿಮೆಂಟಿನ ಕೆಲಸ. ಹಾಳೆಯಲ್ಲಿ ಅದರ ಮುಂದೆ "ಮುಚ್ಚಿದೆ" ಎಂದು ಬರೆದು ಯಾರೋ ಸಹಿ ಮಾಡಿದ್ದರು. ಸಹಿ ಓದಲು ಬರುತ್ತಿರಲಿಲ್ಲ.

ಪಾದ ಕೂದಲೆಳೆಯಷ್ಟು ಕುಸಿದಾಗಲೆಲ್ಲ ಮೇಲೆ ಗೋಡೆ ಬಿರಿಯುತ್ತಿತ್ತು. ಒಳಗಿನ ಜೀವಿಗಳು ನಿಷ್ಠೆಯಿಂದ ಅದನ್ನು ಮುಚ್ಚುತ್ತಿದ್ದವು. ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದವು. ಬಿರುಕು ಯಾಕೆ ಬಂತು ಎಂದು ಕೇಳುವುದು ಅವುಗಳ ಕೆಲಸವಲ್ಲ.

ತೂತಿಗೆ ಸಿಮೆಂಟು, ಪೊಳ್ಳಿಗೆ ಕಲ್ಲು ಮತ್ತು ಜೇಡಿ ಮಣ್ಣು. ಗಿಡಿಯುವುದಕ್ಕೆ ಮೂರು ದಿನ ಹಿಡಿಯಿತು. ಒಂಬತ್ತನೆಯ ದಿನದ ಸಂಜೆ ನಲ್ಲಿಗಳಲ್ಲಿ ಮೊದಲು ಗಾಳಿ, ಆಮೇಲೆ ಕೆಂಚು ನೀರು, ಆಮೇಲೆ ತಿಳಿ ನೀರು ಬಂತು.

*

ಊರ ಪತ್ರಿಕೆ "ಎಮ್ಮೆ ಗುಂಡಿಗಾಗಿ ಒಂಬತ್ತು ದಿನ ನೀರಿಲ್ಲ" ಎಂದು ಬರೆಯಿತು. ಎಮ್ಮೆ ಗುಂಡಿ ಎಂಬ ಹೆಸರು ನಿಂತುಬಿಟ್ಟಿತು. ಕಸ್ತೂರೆವ್ವನ ಮಗಳ ಮದುವೆ ಪಕ್ಕದ ಊರಿನಲ್ಲಿ ನಡೆಯಿತು. ಸುಗಲಾಳಿಗೆ ಕರೆ ಬರಲಿಲ್ಲ. ದಾನಪ್ಪ ಮಚ್ಚೆ ಬಿದ್ದ ನೂಲನ್ನೆಲ್ಲ ಮತ್ತೆ ಬಾನಿಗೆ ಇಳಿಸಿ ಕಪ್ಪು ಬಣ್ಣ ಹಾಕಿದ. ದಾಳಿಂಬೆ ಸೀರೆಗಳ ಬದಲು ಚಂದ್ರಕಾಳಿ ಸೀರೆಗಳಾದವು. ನೇಯುವವರು ಗೊಣಗಿಕೊಂಡೇ ಒಯ್ದರು. ಆ ಸಂಜೆ ಕಪ್ಪು ಹತ್ತಿದ ಕೈ ತೊಳೆಯುತ್ತ ಅವನು, "ಕೊನೀ ನೀರು ಹಾಕು ಬಾ" ಎಂದು ಅವಳನ್ನು ಕರೆದ. ಹನ್ನೆರಡು ದಿನದಲ್ಲಿ ಅವಳ ಜೊತೆ ಅವನು ತಾನಾಗಿ ಆಡಿದ ಮೊದಲ ಮಾತು. ಅವಳು ಚೊಂಬಿನಲ್ಲಿ ನೀರು ಹಾಕಿದಳು. "ಸಾವಕಾಶ," ಎಂದ, "ಈಗ ಬ್ಯಾಡಂದ್ರೂ ಬರ್ತೈತೇನೋ ಖರೆ, ಆದ್ರ ಚೆಲ್ಲಬ್ಯಾಡ." ಇಬ್ಬರಿಗೂ ನಗು ಬಂತು.

ಜೂನ್ ಕಡೆಯಲ್ಲಿ ಮಳೆ ಹಿಡಿಯಿತು. ಹೊಳೆ ತುಂಬಿ, ಪಂಪುಗಳು ಓಡಿ, ಜುಲೈ ಎರಡನೆಯ ವಾರಕ್ಕೆ ಜಲಾಶಯ ಗೋಡೆಯ ಅಂಚಿಗೆ ಬಂದು ನಿಂತಿತು. ಅದೇ ವಾರ ಜಿಲ್ಲೆಯ ಪರಿಶೀಲನಾ ಸಭೆ. ಒಂಬತ್ತು ದಿನ ನೀರು ನಿಲ್ಲಿಸಿದ್ದರ ವಿಚಾರಣೆಯೇ ಅದರ ಮುಖ್ಯ ವಿಷಯ. ಹೊಸಕೋಟಿಯ ಪಕ್ಕದ ಕುರ್ಚಿ ಸುಗಲಾಳದು.

ನಕ್ಷೆ ತೋರಿಸಿದರು, ಬಾಟಲಿ ತೋರಿಸಿದರು. ಸಮಿತಿಯ ಸದಸ್ಯರೊಬ್ಬರು, ವಯಸ್ಸಾದವರು, ಎಲ್ಲವನ್ನೂ ಕೇಳಿ ಮೇಜಿನ ಮೇಲೆ ಮೊಣಕೈ ಊರಿದರು.

"ಅಲ್ಲಮ್ಮ, ಒಪ್ಪಿದೆ. ಗುಂಡಿ ಇತ್ತು. ಆದರೆ ಅಗೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು, ಅದನ್ನು ಹೇಳಿ. ಗೋಡೆ ಈ ಮಳೆಗಾಲಕ್ಕೇ ಬೀಳುತ್ತಿತ್ತೇ?"

ಹೊಸಕೋಟಿ ಅವಳ ಕಡೆ ತಿರುಗಿದ. ಹೌದು ಎಂದುಬಿಟ್ಟರೆ ಕೆಲಸ ಸಲೀಸು. ಸುಗಲಾ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಗೊತ್ತಿಲ್ರಿ. ಈ ಮಳಿಗೆ ಬೀಳತಿತ್ತೋ, ಹತ್ತು ವರ್ಷ ನಿಲ್ಲತಿತ್ತೋ ಹೇಳಾಕ ಬರೂದಿಲ್ಲ. ಅದು ಗೊತ್ತಾಗೂದು ಬ್ಯಾಡ ಅಂತನ ಅಗದ್ವಿ."

ಸದಸ್ಯರು ಅವಳನ್ನೇ ನೋಡಿದರು. ಆಮೇಲೆ ಕಡತ ಮುಚ್ಚಿದರು. ಬೈಗುಳವೂ ಬರಲಿಲ್ಲ, ಶಾಭಾಸ್ ಕೂಡ ಬರಲಿಲ್ಲ. ಆದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲ ಜಲಾಶಯಗಳಿಗೆ ಒಂದು ಹೊಸ ನಿಯಮ ಹೋಯಿತು. ಒಂದೇ ಜಾಗ ಮೂರು ಸಲ ಮಾಯ್ದರೆ ಆ ಬ್ಲಾಕಿನ ಉಣಿಸು ನಿಲ್ಲಿಸಬೇಕು, ಒಬ್ಬ ಮನುಷ್ಯ ಹೋಗಿ ಕಣ್ಣಾರೆ ನೋಡಿ ಬರಬೇಕು. ನಿಯಮದ ಕೆಳಗೆ, ಅನುಮಾನವಿದ್ದರೆ ಕೇಳಲು ಎಂದು ಕೆಂಪಗಟ್ಟಿಯ ನಿಗಾ ಕೋಣೆಯ ನಂಬರು ಇತ್ತು.

ಹದಿನೈದು ದಿನ ಆ ನಂಬರಿಗೆ ಯಾರೂ ಫೋನು ಮಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಗಂಟೆ ಬಾರಿಸಿತು. ಆ ಕಡೆ ಹೆಣ್ಣು ದನಿ, ದೂರದ ಒಂದು ಜಲಾಶಯದಿಂದ. ಮಾತಿನಲ್ಲಿ ಹಿಂಜರಿಕೆ ಇತ್ತು.

"ಮೇಡಂ, ತೊಂದರೆ ಕೊಡ್ತಾ ಇದೀನಿ. ಬಹುಶಃ ಏನೂ ಇಲ್ಲ. ತೀರಾ ಸಣ್ಣದು. ನಮ್ಮ ಸಾಹೇಬರು ಬೇಡ ಅಂದ್ರು, ಆದ್ರೂ..."

"ಸಣ್ಣದು ಇದ್ರನ ಫೋನ್ ಮಾಡಬೇಕ್ರಿ. ಎಷ್ಟು ಸಲ ಮಾಯ್ದೈತಿ?"

"ನಾಲ್ಕು ಸಲ ಮೇಡಂ. ನಿಯಮದಲ್ಲಿ ಮೂರು ಅಂತಿತ್ತು. ಮೂರನೇದು ನನ್ನ ಕಣ್ಣು ತಪ್ಪಿಹೋಯ್ತು. ನನ್ನದೇ ಸಹಿ ಇದೆ." ದನಿ ಸಣ್ಣದಾಯಿತು. "ಇದರಿಂದ ನನಗೇನಾದ್ರೂ..."

ಸುಗಲಾ ರದ್ದಿ ಕಾಗದವೊಂದನ್ನು ಮಗುಚಿ ಮುಂದಿಟ್ಟುಕೊಂಡಳು.

"ನೀವು ನಾಕಕ್ಕ ಎದ್ದೀರವ್ವ," ಎಂದಳು. "ನಾ ಹನ್ನೊಂದರತನಕ ಮಲಗಿದಾಕಿ. ದಿನಾಂಕ ಹೇಳ್ರಿ, ಬರಕೋತೀನಿ."